ಓದಲೆಂದು ತೋಟಕ್ಕೆ ಹೋದೆ

ನಿವೃತ್ತನಾದ ದಿನ ಡಿಪೋದಲ್ಲಿ ಹಾರ ಹಾಕಿ, ಶಾಲು ಹೊದಿಸಿ, ಇನ್ನು ಮುಂದೆ ಏನು ಮಾಡುತ್ತೀರಿ ಎಂದು ಕೇಳಿದರು. ತೋಟಕ್ಕೆ ಹೋಗಿ ಇರುತ್ತೇನೆ, ಕೂತು ಓದುತ್ತೇನೆ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಷ್ಟೋ ವರ್ಷಗಳಿಂದ ನನಗೆ ನಾನೇ ಹೇಳಿಕೊಳ್ಳುತ್ತ ಬಂದಿದ್ದ ಮಾತು ಅದು.

ನಾನು ಜಮಖಂಡಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದೆ. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಇವೇ ನನ್ನ ದಾರಿಗಳು. ಮದುವೆ ಆಗಲಿಲ್ಲ. ಅದಕ್ಕೆ ಹೇಳಿಕೊಳ್ಳುವಂಥ ಕಾರಣವೇನೂ ಇಲ್ಲ, ನೋಡುತ್ತ ನೋಡುತ್ತ ವಯಸ್ಸು ದಾಟಿತು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದೆ. ಅದರ ಅರ್ಧ ಜಾಗವನ್ನು ಪುಸ್ತಕಗಳೇ ಹಿಡಿದಿದ್ದವು. ಸ್ವಂತದ್ದು ಕೆಲವು, ಊರಿನ ಗ್ರಂಥಾಲಯದಿಂದ ತಂದದ್ದು ಕೆಲವು, ಬಸ್ಸಿನಲ್ಲಿ ಯಾರೋ ಬಿಟ್ಟುಹೋಗಿ ಕೇಳಲು ಬಾರದೇ ಇದ್ದದ್ದು ಕೆಲವು.

ಟಿಕೆಟ್ ಚೀಲದಲ್ಲಿ ಚಿಲ್ಲರೆಯ ಜೊತೆಗೆ ಯಾವಾಗಲೂ ಒಂದು ಕಾದಂಬರಿ ಇರುತ್ತಿತ್ತು. ಬೀಳಗಿಯಲ್ಲಿ ಗಾಡಿ ನಿಂತಾಗ ಒಂದಿಷ್ಟು ಓದುತ್ತಿದ್ದೆ, ಎಲ್ಲರಿಗೂ ಟಿಕೆಟ್ ಕೊಟ್ಟು ಮುಗಿದ ಮೇಲೆ ಇನ್ನೊಂದಿಷ್ಟು. ಕಬ್ಬಿನ ಹಂಗಾಮಿನಲ್ಲಿ ಮುಧೋಳ ರಸ್ತೆಯ ತುಂಬ ಟ್ರ್ಯಾಕ್ಟರುಗಳೇ. ಒಂದೊಂದರ ಹಿಂದೆ ಎರಡೆರಡು ಟ್ರೇಲರು. ಅವುಗಳ ಬೆನ್ನಿಗೆ ಗಾಡಿ ಸಿಕ್ಕಿಕೊಂಡರೆ ಪ್ರಯಾಣಿಕರು ಬೈಯುತ್ತಿದ್ದರು, ನಾನು ಒಳಗೊಳಗೇ ಖುಷಿಪಡುತ್ತಿದ್ದೆ. ಸೀರೆಯ ಗಂಟು ಹಿಡಿದ ಬನಹಟ್ಟಿಯ ನೇಕಾರರು, ಸಂತೆಯಿಂದ ಬರುವ ಹೆಂಗಸರು, ಕಾಲೇಜಿನ ಹುಡುಗರು, ಎಲ್ಲರ ಮಾತೂ ಕಿವಿಯ ಮೇಲೆ ಬೀಳುತ್ತಿರುವಾಗಲೇ ನನಗೆ ಓದು ಹತ್ತುತ್ತಿತ್ತು. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆಗಲೂ ಎಲ್ಲೋ ಒಂದು ಕಂಬಕ್ಕೆ ಒರಗಿ ಎರಡು ಪುಟ ಓದಿದವನೇ.

ನನ್ನ ಜೊತೆ ಹೆಚ್ಚು ವರ್ಷ ದುಡಿದ ಡ್ರೈವರ್ ಮುಧೋಳದವರು. ನನಗಿಂತ ಸ್ವಲ್ಪ ಹಿರಿಯರು. ಮಧ್ಯಾಹ್ನ ಊಟ ಮುಗಿಸಿ ಬೀಳಗಿಯಿಂದ ಹೊರಡುವ ಟ್ರಿಪ್ಪಿನಲ್ಲಿ ಜನ ಕಡಿಮೆ ಇರುತ್ತಿದ್ದರು. ಟಿಕೆಟ್ ಮುಗಿಸಿ ನಾನು ಎಂಜಿನ್ ಪಕ್ಕದ ಸೀಟಿಗೆ ಹೋಗಿ ಕೂರುತ್ತಿದ್ದೆ.

“ಎಲ್ಲೀತನಕ ಬಂತ್ರಿ ಕತಿ?” ಎಂದು ಅವರು ಕೇಳುತ್ತಿದ್ದರು.

ನಾನು ಹೇಳಲು ಶುರು ಮಾಡುತ್ತಿದ್ದೆ. ಅಣ್ಣತಮ್ಮಂದಿರ ಜಗಳ, ಮನೆ ಬಿಟ್ಟುಹೋದ ಸೊಸೆ, ಯಾವುದೋ ಊರಿನ ಗೌಡನ ದರ್ಪ, ಏನಿದೆಯೋ ಅದು. ಅವರು ರಸ್ತೆಯ ಮೇಲೆ ಕಣ್ಣಿಟ್ಟು “ಹಾಂ, ಮುಂದ?” ಎನ್ನುತ್ತಿದ್ದರು. ಜಮಖಂಡಿ ಬರುವ ಹೊತ್ತಿಗೆ ಕತೆ ಒಂದು ತಿರುವಿಗೆ ಬಂದು ನಿಲ್ಲುವಂತೆ ನಾನು ಮೊದಲೇ ಅಳತೆ ಹಾಕಿಕೊಂಡಿರುತ್ತಿದ್ದೆ. ರಾತ್ರಿ ಓದುವಾಗಲೂ ಇದನ್ನು ನಾಳೆ ಹೀಗೆ ಹೇಳಬೇಕು ಎಂದು ಮನಸ್ಸು ಜೋಡಿಸುತ್ತಿತ್ತು. ಅವರು ನನಗಿಂತ ಮೊದಲೇ ನಿವೃತ್ತರಾದರು. ಆಮೇಲೆ ಬಂದ ಡ್ರೈವರುಗಳು ಹಾಡು ಹಚ್ಚಿಕೊಂಡು ಗಾಡಿ ಓಡಿಸುವವರು, ಅವರಿಗೆ ನನ್ನ ಕತೆ ಬೇಕಿರಲಿಲ್ಲ.

ನಾನು ತೋಟ ಎಂದದ್ದು ಜಮಖಂಡಿ ತಾಲೂಕಿನ ತುಬಚಿ ಕಡೆ ಇದ್ದ ಅಪ್ಪನ ಕಾಲದ ಹೊಲವನ್ನು. ಅಣ್ಣ ತನ್ನ ಪಾಲು ಮಾರಿ ಬನಹಟ್ಟಿಯಲ್ಲಿ ಮಗ್ಗ ಹಾಕಿದ. ನನ್ನ ಪಾಲಿನ ಎರಡು ಎಕರೆಯನ್ನು ಪಕ್ಕದ ಹೊಲದ ಹಿರಿಯರೊಬ್ಬರು ಬೆಳೆಯಲ್ಲಿ ಅರ್ಧ ಕೊಡುವಂತೆ ಪಾಲಿಗೆ ಮಾಡಿಕೊಂಡಿದ್ದರು. ಕುರಿ ಕಾಯ್ದು ದೊಡ್ಡವರಾದ ಮನೆತನ ಅವರದು. ಕುರಿ ಮಾರಿ ಈಗ ಪೂರ್ತಿ ಒಕ್ಕಲುತನ. ಬೆಳಿಗ್ಗೆ ಬೀರೇಶ್ವರನ ಅರಿಶಿನದ ಭಂಡಾರ ಹಣೆಗೆ ಹಚ್ಚಿಕೊಳ್ಳದೆ ಹೊಲಕ್ಕೆ ಇಳಿಯುವವರಲ್ಲ. ನಾನು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ. ಹೊಲ ನಾನೇ ಮಾಡುತ್ತೇನೆ ಎಂದಾಗ ಕಾಕಾ ತಕರಾರು ತೆಗೆಯಲಿಲ್ಲ. “ಆತು, ಮಾಡ್ರಿ. ನಿಮ್ಮ ಹೊಲ” ಎಂದರು. ಆಮೇಲೆ, “ಒಬ್ರ ಇರ್ತೀರೇನ್ರಿ?” ಎಂದು ಕೇಳಿದರು.

“ಒಬ್ಬನ ಇರ್ತೀನಿ, ಕಾಕಾ. ಪುಸ್ತಕ ಅದಾವಲ್ರಿ.”

ಹೊಲದಲ್ಲಿ ತಗಡು ಹೊದಿಸಿದ ಒಂದು ಖೋಲಿ, ಮುಂದೆ ಬೇವಿನ ಗಿಡ. ಪುಸ್ತಕಗಳನ್ನು ಟ್ರಂಕಿಗೆ ತುಂಬಿ ಟಂಟಂ ಆಟೋದಲ್ಲಿ ತಂದೆ. ಬೇವಿನ ಕೆಳಗೆ ಹೊರಸು ಹಾಕಿ, ತಲೆಯ ಹತ್ತಿರ ಒಂದು ತಂಬಿಗೆ ನೀರಿಟ್ಟುಕೊಂಡು, ಮೊದಲ ದಿನವೇ ಒಂದು ದಪ್ಪ ಕಾದಂಬರಿ ಹಿಡಿದು ಕೂತೆ. ನಾನು ಮನಸ್ಸಿನಲ್ಲಿ ಬರೆದುಕೊಂಡಿದ್ದ ಚಿತ್ರದಲ್ಲಿ ಎಲ್ಲವೂ ಹೀಗೇ ಇತ್ತು.

ಆದರೆ ಓದು ಮುಂದೆ ಹೋಗಲಿಲ್ಲ.

ಮೊದಲಿಗೆ ಕೆಲಸದ ಮೇಲೆ ತಪ್ಪು ಹಾಕಿದೆ. ಒಂದು ಎಕರೆ ಗೋವಿನಜೋಳ, ಒಂದು ಎಕರೆ ಕಬ್ಬು. ಮೋಟರಿಗೆ ಕರೆಂಟು ಬಂದಾಗ ಎಲ್ಲಿದ್ದರೂ ಓಡಬೇಕು. ಒಂದು ಸಾಲು ತುಂಬಿದ ಕೂಡಲೇ ಸಲಿಕೆಯಿಂದ ಮಣ್ಣು ಕಡಿದು ನೀರನ್ನು ಇನ್ನೊಂದಕ್ಕೆ ತಿರುವಬೇಕು. ಕಸ ತೆಗೆಯಬೇಕು, ಗೊಬ್ಬರ ಹಾಕಬೇಕು. ಜೀವಮಾನವೆಲ್ಲ ಅಲ್ಲಾಡುವ ಬಸ್ಸಿನಲ್ಲಿ ನಿಂತವನಿಗೆ ಅಲ್ಲಾಡದ ನೆಲದಲ್ಲಿ ಬಗ್ಗಿ ಕೆಲಸ ಮಾಡುವುದು ಬೇರೆಯೇ ಶಿಕ್ಷೆಯಾಯಿತು. ಪುಸ್ತಕ ಹಿಡಿದರೆ ಕಣ್ಣು ಮುಚ್ಚುತ್ತಿತ್ತು.

ಗೋವಿನಜೋಳ ಮೊಣಕಾಲುದ್ದ ಬೆಳೆದ ಮೇಲೆ ಕೆಲಸ ಹಗುರಾಯಿತು. ಮೈಯೂ ಹದಕ್ಕೆ ಬಂತು. ಆಗಲೂ ಓದಲಾಗಲಿಲ್ಲ. ಮಧ್ಯಾಹ್ನ ಹೊರಸಿನ ಮೇಲೆ ಕೂತು ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದೆ. ಸುತ್ತ ಸದ್ದೇ ಇಲ್ಲ. ಎಲೆ ಅಲುಗಿದರೂ ತಲೆ ಎತ್ತುತ್ತಿದ್ದೆ, ಯಾರೋ ಬಂದರೆಂದು. ಯಾರೂ ಬರುತ್ತಿರಲಿಲ್ಲ. ದೂರದ ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿದರೆ ಪುಸ್ತಕ ಮಡಚಿ, ಅದು ಯಾವ ಊರಿನ ಗಾಡಿ, ಹೊತ್ತಿಗೆ ಸರಿಯಾಗಿ ಬಂತೋ ತಡವಾಯಿತೋ ಎಂದು ಲೆಕ್ಕ ಹಾಕುತ್ತ ಕೂತುಬಿಡುತ್ತಿದ್ದೆ.

ಒಮ್ಮೆ ಕಾಕಾನ ಹೆಂಡತಿ ಬದುವಿನ ಮೇಲೆ ಹುಲ್ಲು ಕೊಯ್ಯುತ್ತ ಬಂದವರು ನನ್ನನ್ನು ನೋಡಿ ನಿಂತರು.

“ಪರೀಕ್ಷಾ ಗಿರೀಕ್ಷಾ ಕಟ್ಟೀರೇನ್ರಿ ಯಣ್ಣಾ?”

“ಇಲ್ಲ ಬಿಡವಾ. ಸುಮ್ಮನ ಓದಾಕತ್ತೇನಿ.”

“ಸುಮ್ಮನ?” ಎಂದು ಅವರು ನಿಜವಾಗಿ ಅಚ್ಚರಿಪಟ್ಟರು. ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಅವರ ಹೆಜ್ಜೆಯ ಸದ್ದು ಕೇಳಿಸುವವರೆಗೂ ನಾನು ನಿರಾಳವಾಗಿ ಓದಿದೆ. ಸದ್ದು ನಿಂತ ಮೇಲೆ ಮತ್ತೆ ಆ ಪುಟವೇ.

ಆಗ ನನಗೆ ವಿಷಯ ಹೊಳೆಯಿತು. ನನ್ನ ಓದೆಲ್ಲ ಜನರ ನಡುವೆ ಹುಟ್ಟಿದ್ದು. ಗದ್ದಲದೊಳಗೆ ನಾನು ಪುಸ್ತಕದ ಮರೆಗೆ ಹೋಗುತ್ತಿದ್ದೆ. ಇಲ್ಲಿ ಯಾರಿಂದ ಮರೆಯಾಗುವುದು? ಪುಸ್ತಕ ತೆರೆದಷ್ಟೂ ನಾನು ಒಬ್ಬನೇ ಇದ್ದೇನೆ ಎಂಬುದೇ ದೊಡ್ಡದಾಗಿ ಕಾಣುತ್ತಿತ್ತು.

ಒಂದು ಸೋಮವಾರ ಮೋಟರಿನ ಸ್ಟಾರ್ಟರ್ ಸುಟ್ಟಿತು. ಅದನ್ನು ಚೀಲದಲ್ಲಿ ಹಾಕಿಕೊಂಡು ಜಮಖಂಡಿಗೆ ಹೋದೆ. ಸಂಜೆಗೆ ಕೊಡುತ್ತೇನೆ ಎಂದ ರಿಪೇರಿಯವನು. ಮಧ್ಯಾಹ್ನದವರೆಗೆ ನಿಲ್ದಾಣದಲ್ಲಿ ಕೂತೆ. ಎದುರಿಗೆ ಮುಧೋಳದ ಗಾಡಿ ಬಂದು ನಿಂತಿತು. ಕೆಲಸವೇನೂ ಇರಲಿಲ್ಲ, ಹತ್ತಿ ಹಿಂದಿನ ಸೀಟಿನಲ್ಲಿ ಕೂತೆ.

“ಎಲ್ಲಿಗ್ರಿ ಯಜಮಾನ್ರ?” ಎಂದು ಹೊಸ ಕಂಡಕ್ಟರ್ ಕೇಳಿದ. ನನ್ನ ಗುರುತು ಅವನಿಗೆ ಇರಲಿಲ್ಲ. ನಾನೂ ಹೇಳಲಿಲ್ಲ.

“ಮುಧೋಳ.”

ಪಕ್ಕದಲ್ಲಿ ಒಬ್ಬಳು ಮುದುಕಿ ಮೊಮ್ಮಗಳ ಮದುವೆಯ ಸುದ್ದಿಯನ್ನು ಫೋನಿನಲ್ಲಿ ಜೋರಾಗಿ ಹೇಳುತ್ತಿದ್ದಳು. ಮುಂದೆ ಯಾರೋ ಸೀಟಿಗಾಗಿ ಜಗಳಾಡುತ್ತಿದ್ದರು. ನಾನು ಚೀಲದಿಂದ ಪುಸ್ತಕ ತೆಗೆದೆ. ತಲೆ ಎತ್ತಿದಾಗ ಮುಧೋಳ ಬಂದಿತ್ತು. ಅದೇ ಗಾಡಿಯಲ್ಲಿ ವಾಪಸು ಬಂದೆ. ತೋಟದಲ್ಲಿ ತಿಂಗಳಿಂದ ಸರಿಯದ ಪುಸ್ತಕ ಒಂದು ಮಧ್ಯಾಹ್ನದಲ್ಲಿ ಅರ್ಧ ಮುಗಿದಿತ್ತು.

ಅಲ್ಲಿಂದ ಸೋಮವಾರ ಬಂತೆಂದರೆ ಹೊರಟುಬಿಡುತ್ತಿದ್ದೆ. ಒಂದು ಸಲ ಬೀಳಗಿ, ಒಂದು ಸಲ ಬನಹಟ್ಟಿ. ಆಮೇಲೆ ಗುರುವಾರವೂ ಹೋಗತೊಡಗಿದೆ. ಗೋವಿನಜೋಳದಲ್ಲಿ ಕಸ ಎದ್ದಿತು. ತೆನೆಗೆ ಗಿಳಿ ಬಿದ್ದವು. ಒಂದು ಸಂಜೆ ಮರಳಿ ಬಂದಾಗ ಕಾಕಾ ನನ್ನ ಹೊಲದಲ್ಲಿ ಸಲಿಕೆ ಹಿಡಿದು ನಿಂತಿದ್ದರು.

“ಕರೆಂಟ್ ಬಂದಿತ್ತು, ನೀವಿರ್ಲಿಲ್ಲ. ನಾನ ನೀರ್ ತಿರುವೀನಿ,” ಎಂದರು. ಮುಖದಲ್ಲಿ ಸಿಟ್ಟಿರಲಿಲ್ಲ. “ಎಲ್ಲಿಗಿ ಹೋಗ್ತೀರ್ರಿ ಹಿಂಗ?”

“ಬಸ್ಸಿನ್ಯಾಗ ಕುಂತು ಓದಾಕ, ಕಾಕಾ.”

ಅವರು ನಗಲಿಲ್ಲ. ಕಾಲಿನ ಕೆಸರನ್ನು ಸಲಿಕೆಯಿಂದ ಕೆರೆದುಕೊಂಡು, “ಕುರಿ ಮಾರಿದ ಮ್ಯಾಲ ನಾನೂ ಹಂಗ ಹೋಗ್ತಿದ್ನಿ. ಎಲ್ಲೆರ ಹೊಲದಾಗ ಕುರಿ ತರುಬಿ ನಿಲ್ಲಿಸ್ಯಾರ ಅಂತ ತಿಳೀತಂದ್ರ ಸಾಕು, ಹೋಗಿ ನಿಂದರೂದು. ಮಂದಿ ಕುರಿ. ನನಗ ಅಲ್ಲೇನ್ ಕೆಲಸ?” ಎಂದರು.

“ಮತ್ತ ಹೆಂಗ ಬಿಟ್ರಿ?”

“ಬಿಡಲಿಲ್ಲ. ತಾನ ಕಡಿಮಿ ಆತು.”

ಅದಾದ ಮುಂದಿನ ಸೋಮವಾರವೂ ನಾನು ಮುಧೋಳಕ್ಕೆ ಹೋದೆ. ಆದರೆ ಈ ಸಲ ವಾಪಸು ಗಾಡಿ ಹತ್ತಲಿಲ್ಲ. ಹಳೆಯ ಡ್ರೈವರ್ ನೆನಪಾಗಿ, ಕೇಳಿಕೊಂಡು ಅವರ ಮನೆಗೆ ಹೋದೆ. ಕಟ್ಟೆಯ ಮೇಲೆ ಅವರ ಮಗ ಸಾಕಿದ ಬೇಟೆನಾಯಿ ಉದ್ದಕ್ಕೆ ಮಲಗಿತ್ತು. ಅವರು ಒಳಗಿನಿಂದ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ಬರ್ರಿ ಬರ್ರಿ, ಕುಂದರ್ರಿ. ಎಷ್ಟ್ ದಿನಾ ಆತ್ರಿ” ಎಂದರು. ಸೊಸೆಗೆ ಚಾ ಮಾಡಲು ಹೇಳಿದರು. ಸಕ್ಕರೆ ಕಾಯಿಲೆ, ಮೊಣಕಾಲು ನೋವು, ಸತ್ತುಹೋದ ಹಳೆಯ ಸಂಗಾತಿಗಳು, ಇಷ್ಟೆಲ್ಲ ಮಾತಾಡಿದ ಮೇಲೆ, “ಮತ್ತ, ಓದೂದು ಚಾಲೂ ಐತೇನ್ರಿ?” ಎಂದು ಕೇಳಿದರು.

ನಾನು ಕಾಯುತ್ತಿದ್ದದ್ದೇ ಅದನ್ನು. ಚೀಲದಲ್ಲಿದ್ದ ಕಾದಂಬರಿಯ ಕತೆ ಶುರು ಮಾಡಿದೆ. ಬೀಳಗಿ ರಸ್ತೆಯಲ್ಲಿ ಹೇಳುತ್ತಿದ್ದ ಹಾಗೆಯೇ, ಎಲ್ಲಿ ನಿಧಾನ, ಎಲ್ಲಿ ಜೋರು ಎಂದು ನೋಡಿಕೊಂಡು ಹೇಳಿದೆ. ಅವರು ಸ್ವಲ್ಪ ಹೊತ್ತು ತಲೆಯಾಡಿಸಿದರು. ಆಮೇಲೆ ಅವರ ಕಣ್ಣು ನಾಯಿಯ ಕಡೆ ಹೋಯಿತು, ಬೀದಿಯ ಕಡೆ ಹೋಯಿತು.

“ನೀವು ಆವಾಗ ಭಾಳ ಮನಸ್ಸಿಟ್ಟ ಕೇಳತಿದ್ರಿ,” ಎಂದೆ.

ಅವರು ನಕ್ಕರು. “ಖರೆ ಹೇಳ್ಲೇನ್ರಿ? ಊಟಾ ಮಾಡಿ ಗಾಡಿ ತಗದ್ರ ಕಣ್ಣ ಎಳೀತಿದ್ದೂ. ಬಾಜೂಕ ಯಾರರ ಮಾತಾಡಾಕತ್ತಿದ್ರ ನಿದ್ದಿ ಬರ್ತಿರಲಿಲ್ಲ. ಅದಕ್ಕ ಕೇಳತಿದ್ನಿ. ನೀವು ಹೇಳಿದ್ದು ಒಂದೂ ನೆನಪಿಲ್ಲ ನೋಡ್ರಿ ನನಗ.”

ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ಹಳೆಯ ಗೆಳೆಯನ ಮುಂದೆ ಒಂದು ತಮಾಷೆ ಹೇಳಿದ ಹಾಗೆ ಹೇಳಿದರು. ನಾನೂ ನಕ್ಕೆ. ಚಾ ಬಂತು, ಕುಡಿದೆ. ಹೊರಡುವಾಗ ನಿಲ್ದಾಣದವರೆಗೂ ಕಾಲೆಳೆದುಕೊಂಡು ಬಂದು ಗಾಡಿ ಹತ್ತಿಸಿದರು.

ಗಾಡಿಯಲ್ಲಿ ಕಿಟಕಿಯ ಸೀಟು ಸಿಕ್ಕಿತು. ಪುಸ್ತಕ ತೆಗೆಯಲಿಲ್ಲ. ಅಷ್ಟು ವರ್ಷ ನಾನು ಓದಿದ್ದರಲ್ಲಿ ಅರ್ಧವನ್ನಾದರೂ ಅವರಿಗಾಗಿ ಓದಿದ್ದೆ. ಇನ್ನೊಬ್ಬರ ತಲೆಯಲ್ಲೂ ಆ ಕತೆಗಳೆಲ್ಲ ಇವೆ ಎಂದು ನಂಬಿದ್ದೆ. ಈಗ ಅವು ನನ್ನೊಬ್ಬನಲ್ಲಿ ಮಾತ್ರ ಇದ್ದವು. ನಮ್ಮ ಗಾಡಿ ಯಾವತ್ತೂ ಎಲ್ಲೂ ಉರುಳಲಿಲ್ಲ, ಅಷ್ಟಾದರೂ ಆಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಕಿಟಕಿಯಾಚೆ ಕಬ್ಬು ಕಡಿದ ಹೊಲಗಳು ಬೋಳಾಗಿ ಬಿದ್ದಿದ್ದವು. ಪಕ್ಕದವರು ನೋಡದ ಹಾಗೆ ಮುಖ ಒರೆಸಿಕೊಂಡೆ.

ಆಮೇಲೆ ಬಹಳ ದಿನ ಟ್ರಂಕು ತೆರೆಯಲಿಲ್ಲ. ಬಸ್ಸಿಗೂ ಹೋಗಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲೇ ಇದ್ದೆ. ಗೋವಿನಜೋಳ ರಾಶಿಯಾಯಿತು, ಕಬ್ಬು ಕಾರ್ಖಾನೆಗೆ ಹೋಯಿತು. ಗಿಳಿ ತಿಂದು ಉಳಿದದ್ದು ಎಂದರೂ ಮೊದಲ ಬೆಳೆ. ಮುಟ್ಟಿ ನೋಡಿ ಸಂತೋಷಪಟ್ಟೆ. ಆ ಸಂತೋಷವನ್ನು ಕಾಕಾನ ಮುಂದೆ ಹೇಳಬಹುದಿತ್ತು. ಅದಕ್ಕೆ ಕತೆ ಬೇಕಿರಲಿಲ್ಲ.

ಮುಂದಿನ ಹಂಗಾಮಿಗೆ ಕಬ್ಬಿನ ಎಕರೆಯನ್ನು ಕಾಕಾನಿಗೇ ಮತ್ತೆ ಪಾಲಿಗೆ ಕೊಟ್ಟೆ. ಒಂದು ಎಕರೆ ನನಗೆ ಸಾಕು. “ಹಿಂದಕ್ಕ ಹೋಗಾವ್ರೇನ್ರಿ ಜಮಖಂಡಿಗೆ?” ಎಂದು ಅವರು ಕೇಳಿದರು. ಇಲ್ಲ ಎಂದೆ. ಹಳೆಯ ಖೋಲಿಗೆ ಬೇರೆ ಯಾರೋ ಬಂದಿದ್ದರು. ಬಂದಿರದಿದ್ದರೂ ಹೋಗುತ್ತಿರಲಿಲ್ಲ ಎನಿಸುತ್ತದೆ. ಬಸ್ಸಿಲ್ಲದ ಮೇಲೆ ಆ ಓಣಿಯಲ್ಲೂ ನಾನು ಒಬ್ಬನೇ.

ಮಳೆ ಹಿಡಿದ ಒಂದು ಮಧ್ಯಾಹ್ನ ಕೆಲಸವಿರಲಿಲ್ಲ. ತಗಡಿನ ಮೇಲೆ ಹನಿಯ ಸದ್ದು ಜೋರಾಗಿತ್ತು. ಟ್ರಂಕು ತೆಗೆದು ಕೈಗೆ ಸಿಕ್ಕ ಒಂದು ತೆಳ್ಳನೆಯ ಪುಸ್ತಕ ಹಿಡಿದೆ. ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಗೊತ್ತಿದ್ದು ಓದಿದ್ದು ಅದೇ ಮೊದಲು. ವಿಚಿತ್ರವೆನಿಸಿತು. ಹೇಳಲು ಅನುಕೂಲವಾಗುವ ಜಾಗಗಳನ್ನು ಹುಡುಕುವ ಕೆಲಸ ಇರಲಿಲ್ಲ. ಏನೂ ನಡೆಯದ ಪುಟಗಳಲ್ಲೂ ನಿಂತು ನಿಂತು ಹೋದೆ. ನಾಲ್ಕೈದು ಮಧ್ಯಾಹ್ನಗಳಲ್ಲಿ ಅದು ಮುಗಿಯಿತು. ಮುಗಿದಾಗ ಖೋಲಿಯಲ್ಲಿ ನಾನಿದ್ದೆ, ಪುಸ್ತಕವಿತ್ತು. ಎದೆಯೊಳಗೆ ಏನೋ ಭಾರ ಇತ್ತು, ಅದು ಪುಸ್ತಕದ್ದೋ ನನ್ನದೋ ತಿಳಿಯಲಿಲ್ಲ.

ಈಗ ಊಟವಾದ ಮೇಲೆ ಒಂದಿಷ್ಟು ಓದುತ್ತೇನೆ. ಕರೆಂಟು ಬಂದರೆ ಪುಸ್ತಕ ಮಗುಚಿ ಎದ್ದು ಹೋಗುತ್ತೇನೆ. ಗ್ರಂಥಾಲಯಕ್ಕೆ ಹೋದ ದಿನ ಒಮ್ಮೊಮ್ಮೆ ಬೇಕೆಂದೇ ದೂರದ ಗಾಡಿ ಹಿಡಿಯುತ್ತೇನೆ, ಅದಕ್ಕೆ ಈಗ ನಾಚಿಕೆಯಿಲ್ಲ. ಕಾಕಾ ಆಗಾಗ ಬಂದು ಬೇವಿನ ಬುಡದಲ್ಲಿ ಕೂತು ಶೇಂಗಾ ಸುಲಿಯುತ್ತಾರೆ. ಪುಸ್ತಕದಲ್ಲಿ ಏನಿದೆ ಎಂದು ಅವರು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಸಂಜೆ ಮಾತ್ರ ಕಠಿಣ. ಕೆಲಸ ಮುಗಿದಿರುತ್ತದೆ, ಓದಲು ಬೆಳಕು ಸಾಲದು, ದೀಪ ಹಚ್ಚಲು ಇನ್ನೂ ಹೊತ್ತಿರುತ್ತದೆ. ಕಾಕಾನ ಮನೆಯ ಕಡೆಯಿಂದ ಯಾರೋ ಯಾರನ್ನೋ ಕರೆಯುವುದು ಕೇಳಿಸುತ್ತದೆ. ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ನನಗೆ ಇನ್ನೂ ಗೊತ್ತಾಗಿಲ್ಲ. ಸ್ವಲ್ಪ ಹೊತ್ತು ಹೊಸ್ತಿಲ ಮೇಲೆ ಕೂತಿರುತ್ತೇನೆ. ಆಮೇಲೆ ಎದ್ದು ಅನ್ನಕ್ಕೆ ಇಡುತ್ತೇನೆ.