ಕದದ ಹಿಂದಿನ ನೀರು

ಇಳಕಲ್ಲಿನ ಬಿಸಿಲು ಬಲ್ಲವರು ನನ್ನನ್ನು ನೋಡಿದರೆ ನಗುತ್ತಾರೆ. ನನ್ನ ಮನೆಯಲ್ಲೇ ನಾನು ನೀರನ್ನು ಕದ್ದು ಕುಡಿಯುತ್ತೇನೆ. ಅಡುಗೆಮನೆಯ ಕದದ ಹಿಂದೆ ನಿಂತು, ತಂಬಿಗೆಯ ಸಪ್ಪಳವಾಗದಂತೆ. ನಲವತ್ತು ದಾಟಿದ ಹೆಂಗಸು ಮಾಡುವ ಕೆಲಸವೇ ಇದು?

ಚಿಕ್ಕವಳಿದ್ದಾಗ ರಾಜಾರೋಷವಾಗಿ ಕುಡಿಯುತ್ತಿದ್ದೆ. ನಮ್ಮದು ನೇಕಾರರ ಮನೆ, ಕುಣಿಮಗ್ಗ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಏಳುವುದೇ ಒಂದು ಸಾಹಸ. ಎದ್ದರೆ ಕೈಯ ಹದ ತಪ್ಪುತ್ತದೆ. ಅದಕ್ಕೇ ನಮ್ಮ ಓಣಿಯ ಹೆಂಗಸರು ಮಗ್ಗಕ್ಕೆ ಕೂರುವ ಮುನ್ನ ನೀರು ಮುಟ್ಟುತ್ತಿರಲಿಲ್ಲ. ನಾನು ಮಾತ್ರ ಕುಡಿಯಲಿಕ್ಕೊಮ್ಮೆ, ಹಿತ್ತಲಿಗೊಮ್ಮೆ ಏಳುತ್ತಿದ್ದೆ. ನಾನು ನೇಯ್ದ ಸೀರೆಯ ದಡಿ ಹಾವು ಹರಿದಂತೆ ಇರುತ್ತಿತ್ತು.

"ಇದು ಮಗಳಲ್ಲ, ನೀರಾಗಿನ ಕಪ್ಪಿ," ಎನ್ನುತ್ತಿದ್ದಳು ಅವ್ವ. "ನಿಮ್ಮಕ್ಕನ್ನ ನೋಡಿ ಕಲಿ. ಕುಂತಳಂದ್ರ ಸೆರಗು ಬರೂತನಕ ಏಳಂಗಿಲ್ಲ."

ಅಕ್ಕನಿಗೆ ಆ ಹೊಗಳಿಕೆಯೇ ಊಟ. ಖರೆ ಹೇಳಬೇಕೆಂದರೆ, ಅವಳಿಗೆ ನನಗಿಂತ ಹೆಚ್ಚು ಸಲ ಹಿತ್ತಲಿಗೆ ಅವಸರವಾಗುತ್ತಿತ್ತು. ಅದಕ್ಕೆ ಅವಳು ಕಂಡುಕೊಂಡ ಮದ್ದು, ಎಲ್ಲರಿಗಿಂತ ಕಡಿಮೆ ಕುಡಿಯುವುದು. ಆಗಾಗ ಕೈಕಾಲು ಸಿಡಿದು ನರಳುತ್ತಿದ್ದಳು. "ಕುಣಿ ಥಂಡಿ ಹತ್ತೈತಿ," ಎಂದು ಅವ್ವ ಎಣ್ಣೆ ತಿಕ್ಕುತ್ತಿದ್ದಳು. ತಿಕ್ಕಿ, ಮತ್ತೆ ಅದೇ ಕುಣಿಗೆ ಕೂರಿಸುತ್ತಿದ್ದಳು.

ಅಕ್ಕನನ್ನು ಬಾಗಲಕೋಟೆಯ ದವಾಖಾನೆಗೆ ಒಯ್ಯುವಷ್ಟರಲ್ಲಿ ತಡವಾಗಿತ್ತು. ಅವಳದು ಹುಟ್ಟಿನಿಂದಲೇ ಬಂದ ಸಿಕಲ್ ಸೆಲ್ ಕಾಯಿಲೆ. ಮೈಯಲ್ಲಿ ನೀರು ಕಡಿಮೆಯಾದಾಗ ರಕ್ತದ ಕಣಗಳು ಕುಡಗೋಲಿನಂತೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವಂತೆ; ಕೈಕಾಲು ಸಿಡಿಯುತ್ತಿದ್ದುದು ಅದಕ್ಕೇ.

"ರಕ್ತದಾಗ ಉರಿಯೂತದ ಗುರ್ತು ಭಾಳ ಏರ್ಯಾವ್ರಿ," ಎಂದರು ಡಾಕ್ಟರಮ್ಮ. "ಕಿಡ್ನಿ ಸೊರಗ್ಯಾವ. ಪದೇಪದೇ ಮೂತ್ರಕ್ಕ ಹೋಗೂದು ಈ ಬ್ಯಾನೀದೇ ಲಕ್ಷಣ. ಇಂಥವ್ರು ಎಲ್ಲಾರ್ಗಿಂತ ಹೆಚ್ಚ ನೀರ ಕುಡಿಬೇಕಿತ್ರಿ."

ಅವ್ವ ಆಮೇಲೆ ಬದುಕಿರುವತನಕ ಅಕ್ಕನ ಎದುರು ಕಣ್ಣೆತ್ತಲಿಲ್ಲ. ಅವಳದೇನು ತಪ್ಪು? ಚೆನ್ನಾಗಿ ನೇಯುವ ಮಗಳನ್ನು ಹೊಗಳಿದಳು, ಅಷ್ಟೆ. ಬೈಸಿಕೊಂಡ ಈ ಸೋಮಾರಿ ಕಪ್ಪೆ ಗಟ್ಟಿಮುಟ್ಟಾಗಿ ಉಳಿಯಿತು ನೋಡಿ.

ಅಕ್ಕ ಈಗ ನನ್ನ ಹತ್ತಿರವೇ ಇದ್ದಾಳೆ. ಡಯಾಲಿಸಿಸ್ ನಡೆದಿದೆ. ಮೂತ್ರ ಇಳಿಯುವುದಿಲ್ಲ, ಹಾಗಾಗಿ ನೀರಿಗೆ ಅಳತೆ. ಒಂದು ಸಣ್ಣ ಲೋಟ ನೀರನ್ನು ದಿನವೆಲ್ಲ ಗುಟುಕರಿಸಬೇಕು. ಹರೆಯವೆಲ್ಲ ನೀರು ಒಲ್ಲೆ ಎಂದವಳು ಈಗ ಲೋಟದ ತಳಕ್ಕೆ ನಾಲಿಗೆ ಚಾಚುತ್ತಾಳೆ. ಅದಕ್ಕೇ ನನ್ನ ಈ ಕಳ್ಳತನ.

ಇವತ್ತು ಮಧ್ಯಾಹ್ನ ತಂಬಿಗೆ ಬಾಯಿಗಿಟ್ಟಿದ್ದೆ. ಹೊರಸಿನ ಮೇಲೆ ಮಲಗಿದ್ದ ಅಕ್ಕ ಕರೆದಳು.

"ಏ ಕಪ್ಪಿ, ಕದದ ಹಿಂದ ಯಾಕ ನಿಂತಿ? ಇಲ್ಲೇ ಬಂದು ಕುಡಿ. ಸಪ್ಪಳಾದ್ರೂ ಕೇಳ್ತೇನಿ."

ಹೋಗಿ ಪಕ್ಕದಲ್ಲಿ ಕೂತೆ. ತಂಬಿಗೆ ಎತ್ತಿ, ಅವಳಿಗೆ ಕೇಳುವಂತೆ ಗಟಗಟನೆ ಕುಡಿದೆ. ಅಕ್ಕ ಕಣ್ಣು ಮುಚ್ಚಿ, ನನ್ನ ಜೊತೆಗೇ ಬರಿಬಾಯಲ್ಲಿ ಗುಟುಕು ನುಂಗುತ್ತಿದ್ದಳು.