ರಬ್ಬರ್ ಶೀಟಿನ ಹಾಗೆ ಎಳೆದು ನೋಡಿದ್ದು

ಊರೂರು ತಿರುಗಿ ಈಗ ಬೆಳ್ತಂಗಡಿ ಕಡೆ ರಬ್ಬರ್ ಟ್ಯಾಪಿಂಗ್ ಮಾಡ್ತೇನೆ; ಮರದ ಹಾಲು ಇಳಿಸಿ, ಶೀಟು ಮಾಡಿ ವ್ಯಾಪಾರಿಗಳಿಗೆ ಕೊಡ್ತೇನೆ. "ಬಣ್ಣ, ಪರಿಮಳದ ಕಾಂಡೋಮ್ ನನಗೆ ತುರಿಸ್ತದೆ. ಮೈಗೂ ಮಣ್ಣಿಗೂ ಒಳ್ಳೆಯದಾದದ್ದು ತನ್ನಿ, ಇಲ್ಲದಿದ್ದರೆ ಜಗಲಿಯಲ್ಲಿ ಮಲಗಿ" ಎಂದಿದ್ದಳು ಹೆಂಡತಿ. ಗುರುತಿನವರು ಸಿಗದಿರಲಿ ಎಂದು ಮೂಡುಬಿದಿರೆಗೆ ಹೋದೆ.

ಹೆಂಡತಿಯ ಶರ್ತ ಹೇಳಿದ್ದಕ್ಕೆ ಮೆಡಿಕಲ್ ಅಂಗಡಿಯ ಅಕ್ಕ ಒಂದು ಪೆಟ್ಟಿಗೆ ಕೊಟ್ಟರು. "ಇದು ರಬ್ಬರ್ ಮರದ ಹಾಲಿನದ್ದೇ, ಬಣ್ಣ ಪರಿಮಳ ಎಂಥದ್ದೂ ಇಲ್ಲ. ಹಾಗಂತ ತೋಟಕ್ಕೆ ಬಿಸಾಡ್ಬೇಡಿ, ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ."

ಮರದ ಹಾಲು ಅಂದದ್ದೇ ನನಗೆ ಖುಷಿ ತಡೆಯಲಿಲ್ಲ. ಹಣ ಕೊಟ್ಟವನು ಅಲ್ಲೇ ಒಂದನ್ನು ಒಡೆದು, ವ್ಯಾಪಾರಿಗಳು ಶೀಟಿನ ಗುಣ ನೋಡುವ ಹಾಗೆ ಬೆಳಕಿಗೆ ಹಿಡಿದು, ಎಳೆದು, ಮೂಸಿ ನೋಡಿದೆ.

"ಮಾರಾಯ್ರೆ, ಗ್ರೇಡ್ ಮಾಡ್ಲಿಕ್ಕೆ ಇದು ರಬ್ಬರ್ ಶೀಟಾ?"

"ಒಂದನೇ ನಂಬ್ರದ ಮಾಲು ಅಕ್ಕ."

ಹಿಂದೆ ನಿಂತಿದ್ದ ಹೆಂಗಸು ಮೆಲ್ಲ ಹೇಳಿದರು, "ನನಗೂ ಅದೇ ಕೊಡಿ."

ನನ್ನ ಶೀಟಿನ ವಿಷಯದಲ್ಲಿ ಯಾವ ವ್ಯಾಪಾರಿಯೂ ನನ್ನ ಮಾತನ್ನು ಇಷ್ಟು ಬೇಗ ನಂಬಿದ್ದಿಲ್ಲ.