ಅತ್ತೆಯ ಕೈಗೆ ಬಂದ ಇಟ್ಟಿಗೆ

ನೀರು ಕುಡಿಯುತ್ತಿರುವ ಸುಟ್ಟ ಇಟ್ಟಿಗೆಗೆ ಒಂದು ವಾಸನೆ ಇದೆ. ಮಳೆ ಬಿದ್ದ ಮಣ್ಣಿನದಲ್ಲ, ಅದಕ್ಕಿಂತ ಒಣಕಲು, ಸ್ವಲ್ಪ ಬೂದಿ ಬೆರೆತದ್ದು. ಕೋಲಾರದ ನಮ್ಮ ಕಾಲೇಜಿನಲ್ಲಿ ಈಗ ಹೊಸ ಲ್ಯಾಬಿನ ಗೋಡೆ ಏಳುತ್ತಿದೆ. ಮೊನ್ನೆ ಪಿಯುಸಿ ಮಕ್ಕಳಿಗೆ ಮೇಲಕ್ಕೆ ಎಸೆದ ಚೆಂಡಿನ ಲೆಕ್ಕ ಮಾಡಿಸುತ್ತಿದ್ದಾಗ ಕೆಲಸದವರು ಇಟ್ಟಿಗೆ ರಾಶಿಗೆ ಪೈಪು ಹಿಡಿದರು. ಕಿಟಕಿಯಿಂದ ಆ ವಾಸನೆ ಬಂತು, ನಾನು ಸಮೀಕರಣವನ್ನು ಅರ್ಧಕ್ಕೆ ಬಿಟ್ಟು ನಿಂತೆ. ಇಷ್ಟು ವರ್ಷ ಪಾಠ ಮಾಡಿದ ಮೇಲೂ ಈ ಲೆಕ್ಕ ಬಂದಾಗ ನನಗೆ ಚೆಂಡು ಕಾಣುವುದಿಲ್ಲ. ನಾರಾಯಣಮ್ಮತ್ತೆಯ ಕೈ ಕಾಣುತ್ತದೆ.

ಮಾಲೂರಿನಿಂದ ಟೇಕಲ್ ಕಡೆ ಹೋಗುವಾಗ, ರೈಲು ಹಳಿಯ ಪಕ್ಕದಲ್ಲಿ, ಒಂದು ಇಟ್ಟಿಗೆ ಗೂಡಿತ್ತು. ಅಪ್ಪ ಅಲ್ಲಿ ಗೂಡಿನ ಬೆಂಕಿ ನೋಡಿಕೊಳ್ಳುತ್ತಿದ್ದ. ಅಪ್ಪನ ಅಕ್ಕ ನಾರಾಯಣಮ್ಮತ್ತೆ ಲಾರಿಗೆ ಇಟ್ಟಿಗೆ ತುಂಬುತ್ತಿದ್ದಳು. ಮುಳಬಾಗಿಲಿನ ಆಚೆ ಗಡಿಯ ಹಳ್ಳಿಗೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ತಿರುಗಿ ಬಂದವಳು. ಬರುವಾಗ ಒಂದಿಷ್ಟು ತೆಲುಗನ್ನೂ ಕಟ್ಟಿಕೊಂಡು ಬಂದಿದ್ದಳು. ಅಮ್ಮನಿಲ್ಲದ ನನ್ನನ್ನು ಬೆಳೆಸಿದ್ದು ಅವಳೇ. ಗೂಡಿನಲ್ಲಿ ಅತಿಯಾಗಿ ಬೆಂದು ಸೊಟ್ಟಗಾಗಿ, ಯಾರೂ ಕೊಳ್ಳದೆ ಉಳಿದ ಇಟ್ಟಿಗೆಯಲ್ಲಿ ಕಟ್ಟಿದ ಮನೆ ನಮ್ಮದು. ಒಂದು ಗೋಡೆಯೂ ನೆಟ್ಟಗಿರಲಿಲ್ಲ. ಚಳಿಗಾಲದಲ್ಲಿ ಗೂಡಿನ ಶಾಖಕ್ಕೆ ಹಿಂದಿನ ಗೋಡೆ ಬೆಚ್ಚಗಿರುತ್ತಿತ್ತು. ಅದಕ್ಕೆ ಬೆನ್ನು ಕೊಟ್ಟು ನಾನು ಓದುತ್ತಿದ್ದೆ, ಎದುರಿಗೆ ಅತ್ತೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಅಷ್ಟು ಸುಖವಾದ ಮನೆ ಆಮೇಲೆ ನನಗೆ ಸಿಕ್ಕಿಲ್ಲ.

ಮೊದಲ ಪಿಯುಸಿಯಲ್ಲಿ ನಾನು ಫಿಸಿಕ್ಸಿನಲ್ಲಿ ಫೇಲಾದೆ. ಅಪ್ಪ ಕೂಗಾಡುವ ಮನುಷ್ಯನಲ್ಲ. "ಇನ್ನೊಂದ್ ಸಲ ಬರಿ. ಅದೂ ಆಗ್ಲಿಲ್ಲ ಅಂದ್ರೆ ಬಟ್ಟೆ ಫ್ಯಾಕ್ಟ್ರಿಗೆ ಹೋಗು" ಎಂದಷ್ಟೇ ಹೇಳಿದ. ಮರುಪರೀಕ್ಷೆಗೆ ಒಂದು ತಿಂಗಳಿತ್ತು, ನಾನು ಒಂದೇ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದೆ. ಸೆಕೆಂಡಿಗೆ ಆರು ಮೀಟರ್ ವೇಗದಲ್ಲಿ ಎಸೆದ ಚೆಂಡು ಒಂದೂ ಮುಕ್ಕಾಲು ಮೀಟರಿಗಿಂತ ತುಸು ಮೇಲೆ ಹೋಗಿ ನಿಲ್ಲುತ್ತದೆ. ಅದನ್ನೇ ಏಳರಲ್ಲಿ ಎಸೆದರೆ ಆ ಎತ್ತರದಲ್ಲಿ ಎಷ್ಟು ವೇಗ ಉಳಿದಿರುತ್ತದೆ? ಏಳರಲ್ಲಿ ಆರು ಕಳೆದು ಒಂದು ಎಂದು ಬರೆದಿದ್ದೆ. ಪುಸ್ತಕದ ಹಿಂದಿನ ಉತ್ತರ ಮೂರೂವರೆಗಿಂತ ಹೆಚ್ಚಿತ್ತು. ಪುಸ್ತಕದಲ್ಲೇ ತಪ್ಪು ಅಚ್ಚಾಗಿದೆ ಎಂಬುದು ನನ್ನ ಗಟ್ಟಿ ನಂಬಿಕೆ.

"ಏನೇ ಅದು, ಮೂರ್ ದಿನದಿಂದ ಅದನ್ನೇ ಗುರಾಯಿಸ್ಕೊಂಡು ಕೂತಿದ್ದೀಯ? ಓದು, ಏನ್ ಕೇಳವ್ರೆ ನೋಡಾಣ" ಎಂದಳು ಅತ್ತೆ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಓದಿ ಹೇಳಿದೆ, ನನ್ನ ಉತ್ತರವನ್ನೂ ಹೇಳಿದೆ. ಜರಡಿ ನಿಲ್ಲಿಸಿ ನಕ್ಕಳು. "ಒಂದು ಅಂತ ಬರ್ದೋಳು ಯಾವತ್ತೂ ಇಟ್ಟಿಗೆ ಹಿಡಿದಿಲ್ಲ ಬಿಡು. ಭಾನುವಾರ ಲಾರಿ ಹತ್ರ ಬಾ." ಅದುವರೆಗೆ ನಾನು ಓದುವವಳೆಂದು ಗೂಡಿನ ಕೆಲಸ ಮುಟ್ಟಲು ಅವಳೇ ಬಿಟ್ಟಿರಲಿಲ್ಲ.

ಲಾರಿ ತುಂಬುವಾಗ ಒಬ್ಬರು ಕೆಳಗಿನಿಂದ ಎಸೆಯುತ್ತಾರೆ, ಇನ್ನೊಬ್ಬರು ಮೇಲೆ ನಿಂತು ಹಿಡಿಯುತ್ತಾರೆ. ಅತ್ತೆ ಮೇಲೆ ಹತ್ತಿ ಅಂಗೈ ಚಾಚಿದಳು. "ಇಟ್ಟಿಗೆ ನನ್ ಕೈ ಹತ್ರ ಬಂದು ನಿಂತ್ಕೋಬೇಕು. ನಾನು ಹಿಡಿಯೋದಲ್ಲ, ಸುಮ್ನೆ ತಗೋಳೋದು. ಮೆಲ್ಲಗಾ" ಎಂದಳು. ದಿನವೆಲ್ಲ ಇಟ್ಟಿಗೆ ಹಿಡಿದರೂ ಅವಳ ಕೈ ಒಡೆಯದಿದ್ದುದು ಹೀಗೆ. ನಾನು ಎಸೆದ ಹತ್ತಾರು ಇಟ್ಟಿಗೆ ಅರ್ಧಕ್ಕೇ ಬಿದ್ದು ಚೂರಾದವು. ಕೊನೆಗೆ ಒಂದು ಅವಳ ಅಂಗೈ ಎದುರು ಹೋಗಿ ಗಾಳಿಯಲ್ಲಿ ಒಂದು ಕ್ಷಣ ನಿಂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಅವಳು ಮರದಿಂದ ಸೀಬೆಹಣ್ಣು ಬಿಡಿಸಿಕೊಂಡಂತೆ ಅದನ್ನು ತೆಗೆದುಕೊಂಡಳು. ಆಮೇಲೆ ಹೇಳಿದಳು, "ಈಗ ಒಂದೇ ಒಂದ್ ಚೂರು ಜೋರಾಗಿ ಎಸಿ."

ಎಸೆದೆ. ಇಟ್ಟಿಗೆ ಟಪ್ಪೆಂದು ಅವಳ ಹೆಬ್ಬೆರಳಿಗೆ ಬಡಿಯಿತು. ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡೇ, "ಇದು ಒಂದಾ, ನೀನೇ ಹೇಳು" ಎಂದಳು.

ಅಳುತ್ತಲೇ ಒಳಗೆ ಹೋಗಿ ಪುಸ್ತಕ ತೆಗೆದೆ. ಮೊದಲ ಸಲ ಅದು ಹೇಳುತ್ತಿದ್ದುದು ಕೇಳಿಸಿತು. ಕಳೆಯಬೇಕಾದ್ದು ವೇಗವನ್ನಲ್ಲ, ಶಕ್ತಿಯನ್ನು; ಶಕ್ತಿ ಬೆಳೆಯುವುದು ವೇಗದ ವರ್ಗದ ಲೆಕ್ಕದಲ್ಲಿ. ಏಳರ ವರ್ಗ ನಲವತ್ತೊಂಬತ್ತು, ಆರರ ವರ್ಗ ಮೂವತ್ತಾರು, ಉಳಿದದ್ದು ಹದಿಮೂರು. ಅದರ ವರ್ಗಮೂಲ ಮೂರೂವರೆಗಿಂತ ಹೆಚ್ಚು. ಕೆಳಗಿನಿಂದ ಎಸೆಯುವವಳಿಗೆ ಒಂದು ಚೂರು, ಮೇಲೆ ಹಿಡಿಯುವವಳಿಗೆ ಅದರ ಮೂರೂವರೆಯಷ್ಟು.

ಸಂಜೆ ಅಪ್ಪ ಅವಳ ಊದಿದ ಬೆರಳು ನೋಡಿ ಏನಾಯಿತೆಂದು ಕೇಳಿದ. ಮಗಳು ಓದು ಬಿಟ್ಟು ಲಾರಿ ಹತ್ತಿರ ಆಡಿ ಅಕ್ಕನ ಕೈ ಮುರಿದಳೆಂದು ಗೊತ್ತಾದರೆ ಮರುಪರೀಕ್ಷೆಯ ಮಾತೇ ಇರುತ್ತಿರಲಿಲ್ಲ. "ನನ್ ಕೈಯಿಂದಾನೇ ಜಾರ್ತು, ವಯಸ್ಸಾಯ್ತಲ್ಲ" ಎಂದಳು ಅತ್ತೆ, ಮುದ್ದೆ ಮುರಿಯುತ್ತಾ, ಎಡಗೈಯಲ್ಲಿ.

ಪರೀಕ್ಷೆಯಲ್ಲಿ ಅಂಥದೇ ಲೆಕ್ಕ ಬಂತು, ಪಾಸಾದೆ. "ಇಟ್ಟಿಗೆದೇ ಕೇಳಿದ್ರಾ?" ಎಂದಳು. ಇಲ್ಲ ಅತ್ತೆ, ಚೆಂಡು ಎಂದೆ. "ಚೆಂಡಾದ್ರೆ ಏನ್ ಕಷ್ಟ ಬಿಡು" ಎಂದು ಮೂಗು ಮುರಿದಳು.

ಮಣ್ಣು ಮುಗಿದು ಗೂಡು ಆರಿತು. ನಮ್ಮ ಸೊಟ್ಟ ಮನೆ ಇದ್ದಲ್ಲಿ ಈಗ ತಗಡಿನ ಗೋದಾಮಿದೆ, ರೈಲಿನಲ್ಲಿ ಹೋಗುವಾಗ ಕಣ್ಣು ತಪ್ಪದೆ ಆ ಕಡೆ ತಿರುಗುತ್ತದೆ. ಅಪ್ಪ ಮೊದಲು ಹೋದ. ಅತ್ತೆ ಕೊನೆಯ ವರ್ಷಗಳನ್ನು ಕೋಲಾರದಲ್ಲಿ ನನ್ನ ಮನೆಯಲ್ಲೇ ಕಳೆದಳು, ಹೋಗಿ ಮೂರು ವರ್ಷವಾಯಿತು. ಹೆಬ್ಬೆರಳಿನ ಉಗುರು ಕೊನೆಯವರೆಗೂ ನೆಟ್ಟಗೆ ಬೆಳೆಯಲಿಲ್ಲ. ಅದನ್ನು ಕತ್ತರಿಸುವ ಕೆಲಸ ನನ್ನದಾಗಿತ್ತು, ಅಷ್ಟಾದರೂ ನನಗೆ ಸಿಕ್ಕಿತು. ನಾನು ತಿನ್ನುವ ಅನ್ನ ಅವಳು ಕೊಟ್ಟದ್ದು.

ಮೊನ್ನೆ ತರಗತಿಯಲ್ಲಿ ಲೆಕ್ಕ ಮುಗಿಸಿ ಬೋರ್ಡು ಒರೆಸುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು. "ಮಿಸ್, ಚೆಂಡು ಹಿಡಿದ್ಮೇಲೆ ಆ ಉಳಿದಿರೋ ಶಕ್ತಿ ಎಲ್ಲಿಗ್ ಹೋಗುತ್ತೆ?" ಶಬ್ದ, ಶಾಖ ಎಂದು ಪ್ರತಿ ವರ್ಷ ಹೇಳುತ್ತೇನೆ, ಅದೇ ಸರಿಯಾದ ಉತ್ತರ. ಕಿಟಕಿಯಿಂದ ಇನ್ನೂ ಒದ್ದೆ ಇಟ್ಟಿಗೆಯ ವಾಸನೆ ಬರುತ್ತಿತ್ತು.

"ಹಿಡಿದೋರ ಕೈಗೆ" ಎಂದೆ.

ಹುಡುಗಿ ಅದನ್ನು ಹಾಗೆಯೇ ನೋಟ್ಸಿನಲ್ಲಿ ಬರೆದುಕೊಂಡಳು. ನಾನು ತಿದ್ದಲಿಲ್ಲ.